ಚಂದ್ರನ ಫೋಟೋದಲ್ಲಿ ನೀಲಿ ಕಂಡಾಗ

ಕ್ಲೆಮೆಂಟೈನ್ ನೌಕೆ 1994ರಲ್ಲಿ ತೆಗೆದ ಚಂದ್ರನ ಫೋಟೋಗಳ ಜೊತೆ ಕೂರುವುದು ನನಗೆ ತುಂಬ ಇಷ್ಟ. ಅವು ಬಣ್ಣದ ಫೋಟೋಗಳಲ್ಲ. ಒಂದೊಂದು ಫಿಲ್ಟರ್‌ಗೆ ಒಂದೊಂದು ಕಪ್ಪು-ಬಿಳುಪು ಚಿತ್ರ ಇರುತ್ತದೆ. ನಾನು ಬಳಸುವುದು ಮೂರು, ಬೆಳಕಿನ ತರಂಗದ ಉದ್ದದ ಲೆಕ್ಕದಲ್ಲಿ: 415, 750 ಮತ್ತು 950 ನ್ಯಾನೋಮೀಟರ್‌ನವು. ಕೊನೆಯದು ನಮ್ಮ ಕಣ್ಣಿಗೆ ಕಾಣುವ ಬೆಳಕೇ ಅಲ್ಲ.

ಮೊದಲು ಮೂರನ್ನೂ ಪಿಕ್ಸೆಲ್‌ಗೆ ಪಿಕ್ಸೆಲ್ ಕೂರಿಸುತ್ತೇನೆ. ಚೂರು ಸರಿದರೂ ಕುಳಿಗಳ ಅಂಚಿನಲ್ಲಿ ಇಲ್ಲದ ಬಣ್ಣ ಹುಟ್ಟುತ್ತದೆ. ಆಮೇಲೆ ಒಂದು ಚಿತ್ರವನ್ನು ಇನ್ನೊಂದರಿಂದ ಭಾಗಿಸುತ್ತೇನೆ. 750ನ್ನು 415ರಿಂದ ಭಾಗಿಸಿದ್ದಕ್ಕೆ ಕೆಂಪು, 750ನ್ನು 950ರಿಂದ ಭಾಗಿಸಿದ್ದಕ್ಕೆ ಹಸಿರು, 415ನ್ನು 750ರಿಂದ ಭಾಗಿಸಿದ್ದಕ್ಕೆ ನೀಲಿ ಬಣ್ಣ ಕೊಡುತ್ತೇನೆ. ಭಾಗಿಸುವುದು ಯಾಕೆ? ಇಳಿಜಾರಿನ ಮೇಲೆ ಬಿಸಿಲು ಕಡಿಮೆ ಬಿದ್ದರೆ ಎಲ್ಲ ಫಿಲ್ಟರ್‌ಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಮಬ್ಬು ಬರುತ್ತದೆ. ಭಾಗಿಸಿದಾಗ ಆ ಮಬ್ಬು ಹೋಗಿ, ಮಣ್ಣಿನ ಗುಣದಿಂದ ಬಂದ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಪೂರ್ತಿ ನೆರಳಿರುವ ಜಾಗದಲ್ಲಿ ಬರುವ ಬಣ್ಣವನ್ನು ನಾನು ಓದುವುದೇ ಇಲ್ಲ. ಅಲ್ಲಿರುವುದು ಬರೀ ಕ್ಯಾಮೆರಾದಲ್ಲೇ ಹುಟ್ಟುವ ಸುಳ್ಳು ಚುಕ್ಕೆಗಳು.

ಹೀಗೆ ಮಾಡಿದಾಗ ಚಂದ್ರನ ಕಪ್ಪು ಲಾವಾ ಬಯಲುಗಳಲ್ಲಿ ಒಂದಾದ ಮೇರ್ ಟ್ರ್ಯಾಂಕ್ವಿಲಿಟಾಟಿಸ್ ನೀಲಿಯಾಗಿ, ಪಕ್ಕದ ಮೇರ್ ಸೆರೆನಿಟಾಟಿಸ್‌ನ ನಡುಭಾಗ ಕೆಂಪಾಗಿ ಕಾಣುತ್ತದೆ. ಟ್ರ್ಯಾಂಕ್ವಿಲಿಟಾಟಿಸ್‌ನ ನೀಲಿಗೆ ಕಾರಣ ಟೈಟಾನಿಯಂ ಇರುವ ಇಲ್ಮನೈಟ್ ಎಂಬ ಖನಿಜ. ಇದು ಸುಮ್ನೆ ಊಹೆಯಲ್ಲ. ಅಪೊಲೊ 11 ಅಲ್ಲಿಂದಲೇ ತಂದ ಕಲ್ಲುಗಳಲ್ಲಿ ಟೈಟಾನಿಯಂ ಜಾಸ್ತಿ ಇದೆ.

ಆದರೆ ಟೈಕೊ ಕುಳಿಯ ಸುತ್ತಲೂ ನೀಲಿ ಕಾಣುತ್ತದೆ, ಅಲ್ವಾ? ಅಲ್ಲಿ ಟೈಟಾನಿಯಂ ಹುಡುಕಬಾರದು. ಅದು ಚಂದ್ರನ ವಯಸ್ಸಿನ ಲೆಕ್ಕದಲ್ಲಿ ಈಚೆಗೆ ಒಡೆದು ಹೊರಬಿದ್ದ ಮಣ್ಣು. ಸೌರಮಾರುತಕ್ಕೆ, ಸಣ್ಣ ಉಲ್ಕೆಗಳ ಹೊಡೆತಕ್ಕೆ ಸಿಕ್ಕಿ ಹಳತಾಗುತ್ತ ಹೋದಂತೆ ಚಂದ್ರನ ಮಣ್ಣು ಕಪ್ಪಾಗುತ್ತದೆ, ಕೆಂಪಿನ ಕಡೆ ವಾಲುತ್ತದೆ. ಅದಕ್ಕೇ ನೀಲಿ ಕಂಡಲ್ಲೆಲ್ಲ 750ರ ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ಕಪ್ಪು ಬಯಲಿನ ನೀಲಿಯಾದರೆ ಇಲ್ಮನೈಟ್ ಇರಬಹುದು. ಬೆಳ್ಳಗಿರುವ ಎತ್ತರದ ನೆಲದ ನೀಲಿಯಾದರೆ ಹೊಸ ಮಣ್ಣು. ಇಷ್ಟು ಮಾಡದೆ ಬಣ್ಣದ ಚಿತ್ರ ಒಂದನ್ನೇ ನಂಬುವುದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನನಗೆ ಅತಿ ಹೆಚ್ಚು ಕಲಿಸಿದ ಜಾಗ ಟಾರಸ್-ಲಿಟ್ರೋ ಕಣಿವೆ. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಗಗನಯಾತ್ರಿ ಹ್ಯಾರಿಸನ್ ಶ್ಮಿಟ್ ಶಾರ್ಟಿ ಕುಳಿಯ ಅಂಚಿನಲ್ಲಿ ಕಿತ್ತಳೆ ಮಣ್ಣು ಕಂಡಿದ್ದು ಅಲ್ಲೇ. ಅದು ಹಳೆಯ ಜ್ವಾಲಾಮುಖಿ ಚಿಮ್ಮಿಸಿದ ಸಣ್ಣ ಗಾಜಿನ ಮಣಿಗಳು. ಹಾಗಾದರೆ ಆ ಸುತ್ತಿನ ಕಪ್ಪು ನೆಲ ನನ್ನ ಚಿತ್ರದಲ್ಲಿ ಕೆಂಪಾಗಬೇಕಿತ್ತು. ಆಗುವುದು ನೀಲಿ! ಅದೇ ಲಾವಾ ನಿಧಾನವಾಗಿ ಆರಿದಾಗ ಗಾಜಾಗದೆ ಹರಳುಗಟ್ಟಿ ಕಪ್ಪು ಮಣಿಗಳಾಗಿದೆ, ಅವುಗಳಲ್ಲಿ ಇಲ್ಮನೈಟ್ ಇದೆ. ಆ ನೆಲದಲ್ಲಿ ಕಪ್ಪು ಮಣಿಗಳದ್ದೇ ಕೈ ಮೇಲು. ಅರಿಸ್ಟಾರ್ಕಸ್ ಪ್ರಸ್ಥಭೂಮಿಯಲ್ಲಿ ಗಾಜೇ ಹೆಚ್ಚು, ಹಾಗಾಗಿ ಅದು ಕೆಂಪಾಗಿಯೇ ಬರುತ್ತದೆ.

ಕಪ್ಪು ಬಯಲಿನ ಟೈಟಾನಿಯಂ ಬಗ್ಗೆ ಅನುಮಾನ ಉಳಿದರೆ ಚಂದ್ರನನ್ನು ಸುತ್ತುವ ನೌಕೆ ಲೂನಾರ್ ರಿಕಾನಸೆನ್ಸ್ ಆರ್ಬಿಟರ್‌ನ ವೈಡ್ ಆಂಗಲ್ ಕ್ಯಾಮೆರಾದ ಚಿತ್ರಗಳಿಗೆ ಹೋಗುತ್ತೇನೆ. ಅಲ್ಲಿ 321 ನ್ಯಾನೋಮೀಟರಿನ ಚಿತ್ರವನ್ನು 415ರದ್ದರಿಂದ ಭಾಗಿಸಿದರೆ ಇಲ್ಮನೈಟ್ ಹೆಚ್ಚಿರುವ ಕಡೆ ಭಾಗಿಸಿ ಬಂದ ಸಂಖ್ಯೆ ಏರುತ್ತದೆ.