ದುಡಿಯುವ ಟ್ರ್ಯಾಕ್ಟರನ್ನು ಎಳೆತದ ಸ್ಪರ್ಧೆಗೆ ಸಜ್ಜುಗೊಳಿಸಿದ ಬಗೆ

ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಬೆಳೆಯುವ ನಮಗೆ, ಟ್ರ್ಯಾಕ್ಟರಿಗೆ ಬಿಡುವು ಸಿಗುವುದು ಬೇಸಿಗೆಯಲ್ಲಿ ಮಾತ್ರ. ಅಂಥದೊಂದು ಬೇಸಿಗೆಯಲ್ಲಿ ಪಕ್ಕದ ಊರಿನ ಜಾತ್ರೆಗೆ ಟ್ರ್ಯಾಕ್ಟರ್ ಎಳೆತದ ಸ್ಪರ್ಧೆ ಇಟ್ಟರು. ಗಾಲಿಯಿಲ್ಲದ ಕಬ್ಬಿಣದ ಚೌಕಟ್ಟಿನ ಮೇಲೆ ಮರಳಿನ ಚೀಲ ಹೇರಿ, ಸುತ್ತಿನಿಂದ ಸುತ್ತಿಗೆ ಭಾರ ಹೆಚ್ಚಿಸುತ್ತ ಹೋಗುವುದು ಅದರ ಕ್ರಮ. ಕಾರ ಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಅಮೆರಿಕದಲ್ಲಿ 1929ರಿಂದಲೇ ನಡೆದುಬಂದಿರುವ ಇಂಥ ಸ್ಪರ್ಧೆಗಳಲ್ಲಿ ಈಗ ಬಳಸುವ ಬಂಡಿಯಲ್ಲಿ, ಮುಂದೆ ಸಾಗಿದಂತೆಲ್ಲ ಭಾರದ ಪೆಟ್ಟಿಗೆ ಟ್ರ್ಯಾಕ್ಟರಿನತ್ತ ಸರಿದು ಎಳೆತ ಬಿಗಿಯಾಗುತ್ತದೆ. ನಮ್ಮದು ಎಳೆಯುವಾಗ ಹೆಚ್ಚುಕಡಿಮೆಯಾಗದ ಸತ್ತ ಭಾರವಾದ್ದರಿಂದ ಅದನ್ನು ಮೊದಲ ಗೇಣು ಕದಲಿಸುವುದೇ ಕಷ್ಟದ ಕೆಲಸ.

ನನ್ನದು 50 ಅಶ್ವಶಕ್ತಿಯ, ಮಣ್ಣು ಪುಡಿಮಾಡುವ ರೊಟವೇಟರ್, ಕೆಸರುಗದ್ದೆಯ ಕೇಜ್‌ವೀಲ್, ಟ್ರಾಲಿ ಎಲ್ಲಕ್ಕೂ ದುಡಿಯುವ ಟ್ರ್ಯಾಕ್ಟರ್. ಏನೇ ಬದಲಾಯಿಸಿದರೂ ಒಂದೇ ದಿನದಲ್ಲಿ ಮೊದಲಿನಂತೆ ಮಾಡಲು ಬರಬೇಕೆಂಬ ಷರತ್ತನ್ನು ನಾನೇ ಹಾಕಿಕೊಂಡೆ. ಆದ್ದರಿಂದ ಮೇಸ್ತ್ರಿ, "ಡೀಸೆಲ್ ಪಂಪಿನ ಸ್ಕ್ರೂ ಅರ್ಧ ಸುತ್ತು ತಿರುವಿದ್ರ ಸಾಕಣ್ಣ, ಹೊಗಿ ಹೆಂಗ ಬರ್ತೈತಿ ನೋಡು" ಎಂದಾಗ ಒಪ್ಪಲಿಲ್ಲ. ಕಪ್ಪು ಹೊಗೆಯೆಂದರೆ ಉರಿಯದೆ ಉಳಿದ ಡೀಸೆಲ್ಲೇ ಹೊರತು ಶಕ್ತಿಯಲ್ಲ. ಅಲ್ಲದೆ ಲೆಕ್ಕ ಹಾಕಿದರೆ, ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ 50 ಅಶ್ವಶಕ್ತಿಗೆ 3,000 ಕಿಲೋಗೂ ಮಿಕ್ಕ ಎಳೆತ ಬರುತ್ತದೆ. ಗೇರುಗಳಲ್ಲಿ ಸೋರಿಹೋಗುವುದನ್ನು ಕಳೆದರೂ ಅದು ಧಾರಾಳವೇ. ಆದರೆ ಹಿಂದಿನ ಗಾಲಿಗಳ ಮೇಲೆ ಕೂತ ಭಾರದ ಮುಕ್ಕಾಲು ಪಾಲನ್ನು ಮೀರಿದ ಎಳೆತ ನೆಲದ ಮೇಲೆ ದಕ್ಕುವುದು ಅಪರೂಪ. ವೇಬ್ರಿಡ್ಜಿನ ಮೇಲೆ ಮುಂದಿನ ಗಾಲಿ, ಹಿಂದಿನ ಗಾಲಿಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಿ ತೂಗಿಸಿದಾಗ ಮುಂದೆ 760, ಹಿಂದೆ 1,240 ಕಿಲೋ ಬಂದವು. ಕೊರತೆ ಇದ್ದದ್ದು ಎಂಜಿನ್ನಿನಲ್ಲಲ್ಲ, ಹಿಡಿತದಲ್ಲಿ.

ಮೊದಲ ಪರೀಕ್ಷೆಯಲ್ಲಿ ತಪ್ಪು ಮಾಡಿದವನು ನಾನೇ. ಅಭ್ಯಾಸಬಲದಿಂದ ಸರಪಳಿಯನ್ನು ಟ್ರಾಲಿ ಹುಕ್ಕಿಗೆ ಸಿಕ್ಕಿಸಿ, ಅದು ಸಡಿಲಾಗಿರುವಾಗಲೇ ಕ್ಲಚ್ ಬಿಟ್ಟೆ. ಸರಪಳಿ ಜಗ್ಗಿದ ಕ್ಷಣದಲ್ಲಿ ಮುಂದಿನ ಗಾಲಿಗಳೆರಡೂ ಗೇಣುದ್ದ ಮೇಲೆದ್ದವು. ಕ್ಲಚ್ ತುಳಿದದ್ದರಿಂದ ಉಳಿದೆ. ಮನೆಗೆ ಬಂದು ಅಳೆದಾಗ ಆ ಹುಕ್ಕು ನೆಲದಿಂದ 72 ಸೆಂಟಿಮೀಟರ್ ಎತ್ತರದಲ್ಲಿತ್ತು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2 ಮೀಟರ್ ಆದ್ದರಿಂದ, ಪ್ರತಿ 100 ಕಿಲೋ ಎಳೆತಕ್ಕೆ ಮುಂಭಾಗದ 36 ಕಿಲೋ ಭಾರ ಹಿಂದಕ್ಕೆ ಹೋಗುತ್ತಿತ್ತು. ಅದರ ಮೇಲೆ ಜಗ್ಗಿದ ರಭಸ ಬೇರೆ. 45 ಸೆಂಟಿಮೀಟರ್ ಎತ್ತರದಲ್ಲಿ, ಎಳೆಯಲೆಂದೇ ಇರುವ ಕೆಳಗಿನ ಡ್ರಾಬಾರಿಗೆ ಸಿಕ್ಕಿಸಿದರೆ ಅದು 22.5 ಕಿಲೋಗೆ ಇಳಿಯುತ್ತದೆ. ಉಪಕರಣ ಎತ್ತುವ ಲಿಫ್ಟಿನ ತೋಳುಗಳ ನಡುವೆ ಹಾಕುವ ತೂತುಪಟ್ಟಿಗೆ ಕಟ್ಟುವವರೂ ಇದ್ದಾರೆ. ಅದನ್ನು ಅಲುಗದಂತೆ ಹಿಡಿಯುವ ಬಿಗಿ ಸಲಾಕೆ ಇಲ್ಲದಿದ್ದರೆ ಎಳೆತಕ್ಕೆ ಅದು ಮೇಲೇಳುತ್ತದೆ. ಅದಕ್ಕೂ ಮೇಲಿರುವ ಟಾಪ್‌ಲಿಂಕಿನ ಜಾಗಕ್ಕಂತೂ ಎಂದೂ ಕಟ್ಟಬಾರದು, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ.

ಹುಕ್ಕು ಇಳಿಸಿದರೆ ಹಿಂದಿನ ಗಾಲಿಗೆ ಸಿಗುವ ಭಾರವೂ ಇಳಿಯುತ್ತದೆಯಾದ್ದರಿಂದ, ಆ ಕೊರತೆಯನ್ನು ಹಿಂದಿನ ಟೈರುಗಳಿಗೆ ನೀರು ತುಂಬಿ ನೀಗಿಸಿಕೊಂಡೆ. ಜಾಕ್ ಕೊಟ್ಟು, ವಾಲ್ವನ್ನು ಮೇಲಕ್ಕೆ ತಂದು, ನೀರು ವಾಲ್ವಿನ ಮಟ್ಟಕ್ಕೆ ಬರುವವರೆಗೆ ತುಂಬಿದರೆ ಟೈರಿನ ಮುಕ್ಕಾಲು ಭಾಗ ನೀರಾಗುತ್ತದೆ; ಉಳಿದದ್ದು ಗಾಳಿ. 14.9-28 ಅಳತೆಯ ಒಂದೊಂದು ಟೈರೂ ಸುಮಾರು 200 ಲೀಟರ್ ಹಿಡಿಯಿತು. ಮುಂದೆ, ಬಂಪರಿಗೆ ಬೋಲ್ಟ್ ಹಾಕಿದ ಆ್ಯಂಗಲ್ ಚೌಕಟ್ಟಿನಲ್ಲಿ 40 ಕಿಲೋದ ನಾಲ್ಕು ಮರಳಿನ ಚೀಲ ಇಟ್ಟೆ. ಅವು ಮುಂದಿನ ಅಚ್ಚಿಗಿಂತ 60 ಸೆಂಟಿಮೀಟರ್ ಮುಂದಿದ್ದುದರಿಂದ ಮುಂಭಾಗಕ್ಕೆ 160ರ ಬದಲು 208 ಕಿಲೋ ಸಿಕ್ಕಿತು, ಹಿಂಭಾಗದಿಂದ 48 ಕಿಲೋ ಕಡಿಮೆಯಾಯಿತು. ಈ ಕೊಡುಕೊಳ್ಳುವಿಕೆಯನ್ನು ಲೆಕ್ಕಿಸದೆ ಮುಂದೆ ಕಲ್ಲು ಹೇರುವವರು ತಮ್ಮ ಹಿಡಿತವನ್ನು ತಾವೇ ಕಳೆದುಕೊಳ್ಳುತ್ತಾರೆ.

ಟೈರು ನೆಲವನ್ನು ಹೆಚ್ಚು ಹಿಡಿಯಲೆಂದು ಅದರ ಗಾಳಿಯನ್ನು ಟ್ರಾಲಿ ಕೆಲಸದ 18ರಿಂದ 12 ಪೌಂಡಿಗೆ ಇಳಿಸಿದೆ. ಇನ್ನೂ ಇಳಿಸಿದರೆ ರಿಮ್ಮಿನೊಳಗೆ ಟೈರು ಜಾರಿ ಟ್ಯೂಬಿನ ವಾಲ್ವು ಕಿತ್ತುಬರುವ ಭಯವಿರುವುದರಿಂದ, ರಿಮ್ಮಿಗೂ ಟೈರಿಗೂ ಸೇರಿಸಿ ಸೀಮೆಸುಣ್ಣದ ಗೆರೆ ಎಳೆದು ಪ್ರತಿ ಎಳೆತದ ನಂತರ ನೋಡುತ್ತಿದ್ದೆ. ಜಾರಿಕೆಯನ್ನು ಅಳೆಯುವುದೂ ಸುಲಭವೇ. ಭಾರವಿಲ್ಲದೆ ಹಿಂದಿನ ಗಾಲಿ ಹತ್ತು ಸುತ್ತಿಗೆ 41 ಮೀಟರ್ ಸಾಗುತ್ತಿತ್ತು; ಒಂದೇ ಭಾರ ಕಟ್ಟಿದಾಗ ನೀರು ತುಂಬುವ ಮೊದಲು 31 ಮೀಟರ್, ತುಂಬಿದ ಮೇಲೆ 35 ಮೀಟರ್ ಸಾಗಿತು, ಅಂದರೆ ಜಾರಿಕೆ ಅಷ್ಟು ತಗ್ಗಿತು.

ಉಳಿದದ್ದು ಸರ್ವಿಸಿನ ಕೆಲಸ: ಆಯಿಲ್ ಬಾತ್ ಏರ್ ಫಿಲ್ಟರ್ ತೊಳೆದು ಹೊಸ ಎಣ್ಣೆ ಹಾಕಿದ್ದು, ಡೀಸೆಲ್ ಫಿಲ್ಟರ್ ಬದಲಿಸಿದ್ದು, ರೇಡಿಯೇಟರಿನಲ್ಲಿ ಸಿಕ್ಕಿದ್ದ ಭತ್ತದ ಧೂಳನ್ನು ಎಂಜಿನ್ ಕಡೆಯಿಂದ ಗಾಳಿ ಹೊಡೆದು ತೆಗೆದದ್ದು, ಕ್ಲಚ್ ಪೆಡಲಿನ ಸಡಿಲು ನೋಡಿದ್ದು. ಹೊಸದಾಗಿ ಕೂಡಿಸಿದ್ದೆಂದರೆ ಒಂದು ಹಗ್ಗ. ಪಂಪಿನ ಮೇಲಿನ ಸ್ಟಾಪ್ ಲಿವರಿನಿಂದ ಒಂದು ರಾಟೆಯ ಮೂಲಕ ಹಿಂದಕ್ಕೆ ತಂದ ಅದನ್ನು, ಪಕ್ಕದಲ್ಲಿ ದೂರ ನಡೆಯುವ ತಮ್ಮನ ಕೈಗೆ ಕೊಟ್ಟೆ. ಮುಂಭಾಗ ಎದ್ದರೆ ನಾನು ಗಾಬರಿಯಾದರೂ ಅವನು ಎಂಜಿನ್ ನಿಲ್ಲಿಸಬಹುದಿತ್ತು.

ಸ್ಪರ್ಧೆಯ ದಿನ ಸರಪಳಿಯನ್ನು ಮೊದಲು ಮೆಲ್ಲಗೆ ಬಿಗಿ ಮಾಡಿಕೊಂಡು, ಲೋ ಎರಡನೇ ಗೇರಿನಲ್ಲಿ, ಹಿಂದಿನ ಎರಡೂ ಗಾಲಿ ಒಟ್ಟಿಗೆ ತಿರುಗುವಂತೆ ಡಿಫರೆನ್ಷಿಯಲ್ ಲಾಕ್ ಒತ್ತಿ, ಕ್ಲಚ್ಚನ್ನು ಅರ್ಧದಲ್ಲಿ ಹಿಡಿಯದೆ ಪೂರ್ತಿ ಬಿಟ್ಟು ಎಳೆದೆ. ಮೂರು ಸುತ್ತು ದಾಟಿದೆ. ನಾಲ್ಕನೆಯದರಲ್ಲಿ ಎಂಜಿನ್ ದಣಿಯದಿದ್ದರೂ ಗಾಲಿಗಳು ಎರೆ ಮಣ್ಣನ್ನು ಪುಡಿಮಾಡಿ ನಿಂತಲ್ಲೇ ತಿರುಗತೊಡಗಿದ್ದರಿಂದ, ಗುಂಡಿ ತೋಡುವ ಮೊದಲೇ ನಿಲ್ಲಿಸಿದೆ. ಮರುದಿನ ವಾಲ್ವುಗಳನ್ನು ಕೆಳಕ್ಕೆ ತಂದು ನೀರು ಬಿಟ್ಟೆ, ಏಕೆಂದರೆ ಆ 400 ಕಿಲೋ ಹೊತ್ತು ಹೊಲಕ್ಕಿಳಿದರೆ ಎರೆ ನೆಲ ತುಳಿದು ಗಟ್ಟಿಯಾಗುತ್ತದೆ. ನೀರು ಬಸಿಯಲು ಮಧ್ಯಾಹ್ನದವರೆಗೆ ಹಿಡಿಯಿತು. ಸಂಜೆಗೆ ರೊಟವೇಟರ್ ಕಟ್ಟಿದೆ.