ಒಂದೇ ದಿಮ್ಮಿ, ಎರಡು ಬಗೆಯ ನಿದ್ದೆ

ನಿದ್ದೆಯ ಸುತ್ತಲಿನ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಯುವಾಗ ನಾನು ಮೊದಲು ಎಡವಿದ್ದು 'ಸ್ಲೀಪ್ ಆನ್ ಇಟ್' ಎಂಬ ಮಾತಿನಲ್ಲಿ. ನನ್ನದೊಂದು ಯೋಜನೆಯನ್ನು ಕೇಳಿದ ಸಹೋದ್ಯೋಗಿ 'ಲೆಟ್ ಮಿ ಸ್ಲೀಪ್ ಆನ್ ಇಟ್' ಎಂದರು. ಕಡತವನ್ನು ತಲೆದಿಂಬು ಮಾಡಿಕೊಳ್ಳುವವರಿಗೆ ಏನು ಹೇಳುವುದು ಎಂದು ಮುಖ ಸಿಂಡರಿಸಿದೆ. ಒಂದು ರಾತ್ರಿ ಯೋಚಿಸಿ ಹೇಳುತ್ತೇನೆ ಎಂಬುದಷ್ಟೇ ಅದರ ಅರ್ಥ. ಮರುದಿನ ಅವರು ಒಪ್ಪಿಗೆ ಕೊಟ್ಟಾಗ ನಾನು ತಲೆಯೆತ್ತಲಿಲ್ಲ.

ಆಮೇಲೆ ನುಡಿಗಟ್ಟುಗಳ ಪಟ್ಟಿಯೊಂದನ್ನು ಉರುಹೊಡೆದೆ. ಪಾಡು ಇನ್ನಷ್ಟು ಕೆಟ್ಟಿತು. ಎಂಟು ಗಂಟೆ ಮಲಗಿ ಎದ್ದು 'ಫಾರ್ಟಿ ವಿಂಕ್ಸ್' ಆಯಿತು ಎಂದೆ. ಅದು ಹಗಲಿನ ಸಣ್ಣ ಜೊಂಪಿಗೆ ಸಲ್ಲುವ ಮಾತು. ಆ ನಲವತ್ತನ್ನು ಮೂವತ್ತಕ್ಕೆ ಇಳಿಸುವಂತೆಯೂ ಇಲ್ಲ.

ದಾರಿ ತೋರಿಸಿದ್ದು ಕನ್ನಡವೇ. 'ರಾತ್ರಿಯಿಡೀ ರೆಪ್ಪೆ ಮುಚ್ಚಲಿಲ್ಲ' ಎನ್ನುತ್ತೇವೆ. ಆದರೆ 'ರಾತ್ರಿಯಿಡೀ ರೆಪ್ಪೆ ಮುಚ್ಚಿದೆ' ಎಂದು ಯಾರೂ ಸುಖನಿದ್ರೆಯ ವರದಿ ಒಪ್ಪಿಸುವುದಿಲ್ಲ. 'ಡಿಡಂಟ್ ಸ್ಲೀಪ್ ಎ ವಿಂಕ್' ಕೂಡ ಹಾಗೆಯೇ, ನಿಷೇಧದಲ್ಲಿ ಮಾತ್ರ ಬದುಕುತ್ತದೆ. ಅಂದಿನಿಂದ ಟಿಪ್ಪಣಿ ಪುಸ್ತಕದಲ್ಲಿ ಅರ್ಥ ಬರೆಯುವುದನ್ನು ಬಿಟ್ಟು, ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂದು ಬರೆದುಕೊಳ್ಳತೊಡಗಿದೆ. 'ಸ್ಲೆಪ್ಟ್ ಲೈಕ್ ಎ ಲಾಗ್', ಅಂದರೆ ದಿಮ್ಮಿಯಂತೆ ಗಾಢವಾಗಿ ಮಲಗಿದೆ ಎಂಬುದು, ಹೆಚ್ಚಾಗಿ ಬೆಳಿಗ್ಗೆ ಎದ್ದವರ ಮಾತು. 'ಹಿಟ್ ದ ಹೇ' ರಾತ್ರಿ ಹರಟೆಯಿಂದ ಎದ್ದು ಮಲಗಲು ಹೊರಟವರದು. ಸಲುಗೆಯ ಮಾತು, ಕಚೇರಿಯ ಪತ್ರಕ್ಕೆ ಒಗ್ಗದು.

ಗೊರಕೆಯ ವಿಷಯದಲ್ಲಿ ಮಾತ್ರ ಸಲುಗೆಯ ಅಳತೆ ಕಲಿಯಲು ನನಗೆ ತಡವಾಯಿತು. 'ಸಾಯಿಂಗ್ ಲಾಗ್ಸ್' ಎಂದರೆ ಪದಶಃ ದಿಮ್ಮಿ ಕೊಯ್ಯುವುದು, ಅರ್ಥ ಗೊರಕೆ ಹೊಡೆಯುವುದು. ಅಮೆರಿಕದವರ ಬಾಯಲ್ಲಿ ಹೆಚ್ಚು ಕೇಳಿಸುತ್ತದೆ. (ಒಂದು ಮಾತಿನಲ್ಲಿ ಮಲಗಿದವನೇ ದಿಮ್ಮಿ, ಇನ್ನೊಂದರಲ್ಲಿ ಅವನೇ ಗರಗಸ ಹಿಡಿದವನು!) ಗರಗಸದ ಸದ್ದು ನೆನಪಿಟ್ಟರೆ ಅರ್ಥ ಮರೆಯುವುದಿಲ್ಲ. ಆ ಉತ್ಸಾಹದಲ್ಲಿ, ಪ್ರಯಾಣದಲ್ಲಿ ಪಕ್ಕದಲ್ಲಿ ನಿದ್ದೆಹೋಗಿದ್ದ ಹಿರಿಯ ಅಧಿಕಾರಿಗೆ ಎಚ್ಚರವಾದೊಡನೆ 'ಯು ವರ್ ಸಾಯಿಂಗ್ ಲಾಗ್ಸ್' ಎಂದುಬಿಟ್ಟೆ. ಅವರು ನಗಲಿಲ್ಲ. ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ. ಆದರೆ ಕನ್ನಡದಲ್ಲಿ ಆ ಹಿರಿಯರಿಗೆ 'ಚೆನ್ನಾಗಿ ಗೊರಕೆ ಹೊಡೆದಿರಿ' ಎನ್ನುವ ಧೈರ್ಯ ನನಗೆ ಇರುತ್ತಿತ್ತೇ?

ಈಗ ಯಾವ ನುಡಿಗಟ್ಟನ್ನೂ ಇತರರಿಂದ ಮೂರು ಬಾರಿ ಕೇಳದೆ ಬಾಯಿಗೆ ತರುವುದಿಲ್ಲ. ಬಹಳಷ್ಟು ದಿನ 'ಐ ಸ್ಲೆಪ್ಟ್ ವೆಲ್' ಸಾಕಾಗುತ್ತದೆ. ಕುಂಭಕರ್ಣನನ್ನು ಮಾತ್ರ ಇಂಗ್ಲಿಷಿಗೆ ಕರೆದೊಯ್ಯಲು ಆಗಿಲ್ಲ. ಒಮ್ಮೆ ಪ್ರಯತ್ನಿಸಿದೆ, ಒಬ್ಬರ ನಿದ್ದೆಯನ್ನು ಬಣ್ಣಿಸಲು ಹೋಗಿ ಲಂಕೆಯ ಯುದ್ಧವನ್ನೆಲ್ಲ ವಿವರಿಸಬೇಕಾಯಿತು.