ಅಣಕು ಸಂಸತ್ತಿನಲ್ಲಿ ಎಡಪಂಥೀಯ ರಕ್ಷಣಾ ಸಚಿವರಾಗುವವರಿಗೆ

ಪಕ್ಕದ ಮನೆಯ ಹುಡುಗಿಗೆ ಕಾಲೇಜಿನ ಅಣಕು ಸಂಸತ್ತಿನಲ್ಲಿ ರಕ್ಷಣಾ ಸಚಿವೆಯ ಪಾತ್ರ. ಸರ್ಕಾರ ಎಡಪಂಥೀಯ, ಮಂಡಿಸಬೇಕಾದದ್ದು ಸೇನಾ ಸುಧಾರಣಾ ಮಸೂದೆ. ನಾನು ಅಟ್ಟದ ಮೇಲೆ ಅಡಿಕೆ ಹರವುತ್ತಿದ್ದಾಗ ಕರಡು ಹಿಡಿದು ಬಂದಳು. "ದೊಡ್ಡಪ್ಪ, ಮಿಲಿಟರಿಯಲ್ಲಿ ಇದ್ದವರು ನೀವು, ತಪ್ಪಿದ್ದರೆ ತಿದ್ದಿ ಕೊಡಿ." ನಾನು ಹವಾಲ್ದಾರನಾಗಿ ನಿವೃತ್ತನಾದ ಕ್ಲರ್ಕ್, ಬಂದೂಕಿಗಿಂತ ಟೈಪ್‌ರೈಟರ್ ಹಿಡಿದದ್ದೇ ಹೆಚ್ಚು. ಕರಡಿನ ಮೊದಲ ಸಾಲು "ಸೈನ್ಯವನ್ನು ಜನರ ಸೈನ್ಯವನ್ನಾಗಿ ಮಾಡುತ್ತೇವೆ" ಎಂದಿತ್ತು. ಚೊಗರು ಹತ್ತಿದ ಬೆರಳಿನಲ್ಲೇ ಪೆನ್ಸಿಲ್ ಹಿಡಿದು ಅದನ್ನು ಹೊಡೆದು ಹಾಕಿದೆ. ಅವಳಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಬೇರೆ ಕಾಲೇಜಿನವರಿಗೂ ಬೇಕಾದೀತು.

ಮೊದಲು ಕೊಳಗ ಹುಡುಕಿ, ಅಂದರೆ ಜಗಳದ ನಿಜವಾದ ಮೂಲ ಯಾವುದೆಂದು. ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಜಗಳ ಇದ್ದದ್ದು ಗೇಣಿಯ ಭತ್ತ ಅಳೆಯುವ ಪಾತ್ರೆ, ಕೊಳಗದ ಗಾತ್ರದ ಮೇಲೆ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೆಲ್ಲ ಆಮೇಲೆ. ಸೈನ್ಯದಲ್ಲಿಯೂ ಅಂಥದೊಂದು ಕೊಳಗ ಇದೆ: ಬಡ್ತಿಯ ಪಟ್ಟಿ. ಅದನ್ನು ಯಾರು ತಯಾರಿಸುತ್ತಾರೆ, ಕೊನೆಯ ಸಹಿ ಯಾರದು ಎಂಬುದನ್ನು ಮಸೂದೆಯ ಮೊದಲ ಕಲಮಿನಲ್ಲೇ ಬರೆಯಿರಿ.

ಇದಕ್ಕೆ ಸ್ಪೇನಿನ ಕತೆ ಓದಿಕೊಳ್ಳಿ. 1981ರ ಫೆಬ್ರವರಿ 23ರಂದು ಅಲ್ಲಿ ಒಬ್ಬ ಲೆಫ್ಟಿನೆಂಟ್ ಕರ್ನಲ್ ಪಿಸ್ತೂಲು ಹಿಡಿದು ಸಂಸತ್ತಿಗೇ ನುಗ್ಗಿದ್ದ. ಮರುವರ್ಷ ಸಮಾಜವಾದಿಗಳು ಗೆದ್ದರು. ಪ್ರಧಾನಿ ಫೆಲಿಪೆ ಗೊನ್ಸಾಲೆಸ್ ರಕ್ಷಣಾ ಖಾತೆ ಕೊಟ್ಟದ್ದು ಬಾರ್ಸಿಲೋನಾದ ಮೇಯರ್ ಆಗಿದ್ದ ನಾರ್ಸಿಸ್ ಸೆರ್ರಾ ಅವರಿಗೆ. ಅವರು ಅಬ್ಬರಿಸಲಿಲ್ಲ. 1984ರ ಕಾನೂನಿನಿಂದ ಸೇನಾ ಮುಖ್ಯಸ್ಥರ ಮಂಡಳಿಯನ್ನು ಸಲಹೆ ಕೊಡುವ ಜಾಗದಲ್ಲಿ ಕೂರಿಸಿ, ಆದೇಶ ಪ್ರಧಾನಿ ಮತ್ತು ರಕ್ಷಣಾ ಸಚಿವರಿಂದಲೇ ಹೊರಡುವಂತೆ ಮಾಡಿದರು. ಸರ್ವಾಧಿಕಾರಿ ಫ್ರಾಂಕೋ ಕಾಲದಿಂದ ಕಿಕ್ಕಿರಿದಿದ್ದ ಅಧಿಕಾರಿ ವರ್ಗವನ್ನು ವೇತನ ಕೊಟ್ಟೇ ಅವಧಿಗೆ ಮೊದಲು ಮೀಸಲು ಪಟ್ಟಿಗೆ ಕಳುಹಿಸಿದರು. ತಾವು ಮಾತ್ರ 1991ರವರೆಗೆ ಅದೇ ಖಾತೆಯಲ್ಲಿ ಉಳಿದರು. ಪಿಂಚಣಿ ಕಾಗದ ಸರಿಯಾಗಿ ಕೈಸೇರಿದವನ ತಕರಾರು ಕಡಿಮೆ. ಮೇಜಿನ ಈಚೆ ಕೂತು ನಾನೇ ಕಂಡಿದ್ದೇನೆ.

ಸಹಿ ಯಾರದೆಂದು ಗಟ್ಟಿ ಮಾಡಿಕೊಳ್ಳದೆ ಕೈ ಹಾಕಿದರೆ ನೇಪಾಳವಾಗುತ್ತದೆ. 2009ರ ಮೇ 3ರಂದು ಮಾವೋವಾದಿ ಪ್ರಧಾನಿ ಪ್ರಚಂಡರ ಸರ್ಕಾರ ಸೇನಾ ಮುಖ್ಯಸ್ಥ ರುಕ್ಮಾಂಗದ ಕಟವಾಲರನ್ನು ವಜಾ ಮಾಡಿತು. ರಾಷ್ಟ್ರಪತಿಗಳು ಅವರಿಗೇ 'ಮುಂದುವರಿಯಿರಿ' ಎಂದು ಪತ್ರ ಬರೆದರು. ಮರುದಿನ ಕುರ್ಚಿ ಬಿಟ್ಟದ್ದು ಪ್ರಧಾನಿ. ನಮ್ಮ ದೇಶದ್ದೇ ಹೇಳಿ ಎಂದರೆ, ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲಿ ರಾಜೀನಾಮೆ ಕೊಟ್ಟು ನೆಹರೂ ಮಾತಿಗೆ ಹಿಂದಕ್ಕೆ ಪಡೆದರು. ಎಡಕ್ಕೆ ವಾಲಿದ್ದ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಆ ವಿರಸದಲ್ಲಿಯೂ ಬಡ್ತಿಯ ವಿಷಯವಿತ್ತು. ಅದೇ ಕೊಳಗ.

ವಿರೋಧ ಪಕ್ಷದಲ್ಲಿ ಓದಿಕೊಂಡವರಿದ್ದರೆ ಚಿಲಿಯ ಮಾತು ಎತ್ತುತ್ತಾರೆ. ಪಿನೊಚೆಯನ್ನು ಸೇನಾ ಮುಖ್ಯಸ್ಥನನ್ನಾಗಿ ನೇಮಿಸಿದ್ದು ಸ್ವತಃ ಸಮಾಜವಾದಿ ಅಧ್ಯಕ್ಷ ಅಲೆಂದೆ, 1973ರ ಆಗಸ್ಟ್ 23ರಂದು. ಅದೇ ಪಿನೊಚೆ ಮುಂದಾಳಾಗಿ ಅಲೆಂದೆ ವಿರುದ್ಧ ದಂಗೆಯಾದದ್ದು ಸೆಪ್ಟೆಂಬರ್ 11ರಂದು. ಹತ್ತೊಂಬತ್ತೇ ದಿನ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ತಡವರಿಸುವ ಬದಲು ಒಪ್ಪಿಕೊಂಡು ಮುಂದಕ್ಕೆ ಹೋಗಿ.

ಎರಡನೆಯ ಕಲಮಿಗೆ ಸಹಾಯಕನನ್ನು ತನ್ನಿ. ಅಧಿಕಾರಿಯ ಬೆನ್ನಿಗೆ ಒಬ್ಬ ಸಾಮಾನ್ಯ ಸೈನಿಕನನ್ನು ಚಾಕರಿಗೆ ಕೊಡುವ ಪದ್ಧತಿಯ ಹೆಸರು ಅದು. ನಮ್ಮ ಬ್ಯಾರಕ್ಕಿನಲ್ಲಿ ಅಂಥ ಹುಡುಗನೊಬ್ಬ ಇದ್ದ. ನಾಲ್ಕೂವರೆಗೆ ಎದ್ದು, ತನ್ನದಲ್ಲದ ಬೆಲ್ಟಿನ ಹಿತ್ತಾಳೆ ಬಕಲಿಗೆ ಬ್ರಾಸೋ ಪಾಲಿಶ್ ಹಚ್ಚಿ, ಹಳೆಯ ಬನಿಯನ್ ತುಂಡಿನಿಂದ ಮುಖ ಕಾಣುವವರೆಗೆ ಉಜ್ಜುತ್ತಿದ್ದ. ಅವನ ಸ್ವಂತ ಬೂಟಿಗೆ ಉಳಿಯುತ್ತಿದ್ದದ್ದು ಎರಡು ನಿಮಿಷ. ಸಾಹೇಬರು ಕೆಟ್ಟವರಾಗಿರಲಿಲ್ಲ, ಹುಡುಗನ ತಂಗಿಯ ಮದುವೆಗೆ ರಜೆ ಕೊಡಿಸಿದವರು ಅವರೇ. ಆದರೂ ಬಕಲ್ ಅವರದು. ನಮ್ಮ ಸಚಿವೆ ತನ್ನ ಭಾಷಣದಲ್ಲಿ 'ಸಮಾನತೆ' ಎಂದು ಹನ್ನೊಂದು ಸಲ ಬರೆದಿದ್ದಳು. ಹತ್ತನ್ನು ಹೊಡೆದು, ಉಳಿದ ಒಂದರ ಪಕ್ಕದಲ್ಲಿ ಈ ಬಕಲನ್ನು ಇಡು ಎಂದೆ.

ಎಡದವರು ಹೆಚ್ಚಾಗಿ ಎಡವುವುದು ಕಡ್ಡಾಯ ಸೈನಿಕ ಸೇವೆಯ ಪ್ರಶ್ನೆಯಲ್ಲಿ. ಅದನ್ನು ರದ್ದು ಮಾಡುವುದೇ ಪ್ರಗತಿ ಎಂದುಕೊಳ್ಳಬೇಡಿ: ಸ್ಪೇನಿನಲ್ಲಿ ಅದನ್ನು 2001ರಲ್ಲಿ ನಿಲ್ಲಿಸಿದ್ದು ಬಲಪಂಥೀಯ ಸರ್ಕಾರ. ಎಲ್ಲರ ಮನೆಯ ಮಕ್ಕಳೂ ಸೇರಿದರೆ ಸೈನ್ಯ ಬೇರೆಯದೇ ಜಾತಿಯಾಗುವುದಿಲ್ಲ ಎನ್ನುವ ಎಡಪಂಥೀಯರೂ ಇದ್ದಾರೆ. ನಿಮ್ಮ ಪಕ್ಷ ಯಾವ ಕಡೆ ಎಂದು ಹಿಂದಿನ ರಾತ್ರಿಯೇ ತೀರ್ಮಾನಿಸಿಕೊಳ್ಳಿ. ಅಗ್ನಿಪಥದ ಪ್ರಶ್ನೆಯಂತೂ ಬಂದೇ ಬರುತ್ತದೆ. 2022ರಲ್ಲಿ ಬಂದ ಸೈನಿಕರ ನೇಮಕಾತಿ ಯೋಜನೆ, ನಾಲ್ಕು ವರ್ಷದ ಸೇವೆ, ಉಳಿಸಿಕೊಳ್ಳುವುದು ಶೇಕಡಾ 25ರವರೆಗೆ. ನಿಮ್ಮ ಸರ್ಕಾರ ಉಳಿದವರಿಗೆ ಏನು ಕೊಡುತ್ತದೆ ಎಂಬುದಕ್ಕೆ ಒಂದು ಸಾಲಿನ ಉತ್ತರ ಇರಲಿ.

ಸೈನ್ಯವನ್ನೇ ಮುಚ್ಚುವ ಮಾತನ್ನು ಕೋಸ್ಟರಿಕಾಗೆ ಬಿಡಿ. 1948ರಲ್ಲಿ ಅಲ್ಲಿನ ನಾಯಕ ಫಿಗೆರೆಸ್ ಸುತ್ತಿಗೆಯಿಂದ ಕೋಟೆಯ ಗೋಡೆಗೆ ಹೊಡೆದು ಅದನ್ನು ಮಾಡಿದರು. ಅವರಿಗೆ ನಮ್ಮಷ್ಟು ಉದ್ದದ ಗಡಿ ಇರಲಿಲ್ಲ. ಕೇರಳವನ್ನೂ ಎಳೆದು ತರಬೇಡಿ. 1957ರಿಂದ ಎಡಪಕ್ಷ ಅಲ್ಲಿ ಎಷ್ಟು ಸಲ ಗೆದ್ದರೂ ರಕ್ಷಣೆ ಕೇಂದ್ರ ಪಟ್ಟಿಯಲ್ಲಿರುವ ವಿಷಯ.

ಎರಡನೆಯ ಕರಡು ತಂದ ದಿನ, "ಸಭೆಯಲ್ಲಿ ಬಕಲ್ ತೋರಿಸಬಹುದೇ?" ಎಂದು ಕೇಳಿದಳು. ನನ್ನ ಕಪ್ಪು ಟ್ರಂಕಿನಲ್ಲಿ ಒಂದು ಇದೆ, ಕಿಲುಬು ಹಿಡಿದಿದೆ. ಅದನ್ನು ಉಜ್ಜಬೇಡ, ಹಾಗೆಯೇ ತೆಗೆದುಕೊಂಡು ಹೋಗು ಎಂದೆ. ನೀವೂ ಏನಾದರೂ ವಸ್ತು ತೋರಿಸುವುದಿದ್ದರೆ ಸಭಾಧ್ಯಕ್ಷರ ಅನುಮತಿಗೆ ಅರ್ಜಿ ಮೊದಲೇ ಕೊಡಿ, ಎರಡು ಪ್ರತಿಯಲ್ಲಿ.